ಷರೀಫರ ಸಿನಿಮಾ, ಮೂರು ತಾಲ್ಲೂಕಿನ ಬೀಗರು

ಸಂತರ ಸಿನಿಮಾವನ್ನು ಬಾಗಿಲು ಹಾಕಿಕೊಂಡು ಒಬ್ಬರೇ ನೋಡುವವರ ಮೇಲೆ ನನಗೆ ಸಣ್ಣ ಗುಮಾನಿ. ಯಾರಿಗೂ ಕಾಣದಂತೆ ಕಣ್ಣೊರೆಸಿಕೊಳ್ಳುವ ಮಂದಿ ಅವರು. ನಮ್ಮ ಕಡೆ ಹಾಗಿಲ್ಲ. ಸಂತರ ಸಿನಿಮಾ ಹಚ್ಚಿದರೆ ಪಡಸಾಲೆ ತುಂಬ ಜನ ಬೇಕು, ನಡುವೆ ಚುಡಾದ ಪರಾತ ಬೇಕು, ಪದ ಶುರುವಾದ ಕೂಡಲೇ ಟಿ.ವಿ.ಗಿಂತ ಒಂದು ಸಾಲು ಮುಂದೆ ಓಡುವವರು ಒಬ್ಬರು ಬೇಕು, ‘ಏ, ಸುಮ್ಮ ಕುಂದರೋ, ಕೇಳ್ಲಾಕ್ ಬಿಡು’ ಎಂದು ಅದಕ್ಕಿಂತ ದೊಡ್ಡ ದನಿಯಲ್ಲಿ ಒದರುವವರು ಇನ್ನೊಬ್ಬರು ಬೇಕು. ಇಷ್ಟೆಲ್ಲ ಕೂಡಿಬಂದು, ಕಡೇತನಕ ಕರೆಂಟೂ ಇದ್ದರೆ ಅದು ಆ ಸಂತರದೇ ಪವಾಡ.

ನಮ್ಮ ಮನೆಯ ಭೂಗೋಳ ಮೊದಲು ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನ ಜಗಳ ತಿಳಿಯುವುದಿಲ್ಲ. ನಾವು ಜೇವರ್ಗಿಯವರು. ನನ್ನ ಹೆಂಡತಿಯ ತವರು ಆಳಂದ. ತಂಗಿಯನ್ನು ಕೊಟ್ಟಿದ್ದು ಅಫಜಲಪುರಕ್ಕೆ. ಹೀಗಾಗಿ ಕುಬಸವೋ ಜಾವಳವೋ ಬಂತೆಂದರೆ ಮೂರು ತಾಲ್ಲೂಕು ನಮ್ಮ ಪಡಸಾಲೆಯಲ್ಲಿ ಕೂಡುತ್ತವೆ. ಆಳಂದದಿಂದ ಮಾವನೋರು: ನಿವೃತ್ತ ಮಾಸ್ತರರು, ಸೊಲ್ಲಾಪುರದಲ್ಲಿ ಓದಿದವರು, ಯಾವ ಒಳ್ಳೆಯ ವಸ್ತು ತೋರಿಸಿದರೂ ‘ಇದು ಮರಾಠಿಯೊಳಗ ಮೊದಲೇ ಬಂದದ’ ಎನ್ನುವವರು. ಅಫಜಲಪುರದಿಂದ ಬೀಗರು: ಕಬ್ಬು ಬೆಳೆಯುವವರು, ಯಾವ ಮಾತನ್ನಾದರೂ ಎರಡನೆಯ ವಾಕ್ಯಕ್ಕೆ ಗಾಣಗಾಪುರಕ್ಕೆ ಮುಟ್ಟಿಸುವವರು. ಜೇವರ್ಗಿಯ ಪಾಲಿಗೆ ನಮ್ಮ ಕಾಕಾ: ವಯಸ್ಸಿನಲ್ಲಿ ಭಜನಿ ಮೇಳದೊಳಗೆ ದಮ್ಮಡಿ ಬಾರಿಸಿದವರು, ಈಗ ತೊಡೆಯ ಮೇಲೆ ಬಾರಿಸುತ್ತಾರೆ. ಇವರೆಲ್ಲರ ಮೇಲೆ ಸುಪ್ರೀಂ ಕೋರ್ಟಾಗಿ ನಮ್ಮ ಆಯಿ.

ಸಿನಿಮಾ ಯಾವುದು ಎಂದು ಕೇಳಬೇಡಿ. ಇನ್ನಾವುದು? 1990ರಲ್ಲಿ ಟಿ.ಎಸ್. ನಾಗಾಭರಣ ತೆಗೆದ ‘ಸಂತ ಶಿಶುನಾಳ ಷರೀಫ’. ನಮ್ಮಲ್ಲಿ ಎಷ್ಟು ಸಲ ಓಡಿದೆಯೆಂದರೆ, ಮುಂದೇನಾಗುತ್ತದೆ ಎಂಬುದು ಯಾರಿಗೂ ಬೇಕಾಗಿಲ್ಲ. ಈ ಸಲ ಯಾರು ಯಾವ ಜಾಗದಲ್ಲಿ ತಕರಾರು ತೆಗೆಯುತ್ತಾರೆ ಎಂಬುದಷ್ಟೇ ಕುತೂಹಲ.

ಮೊದಲ ತಕರಾರು ಆಯಿಯದು, ಅದೂ ದನಿಯ ಬಗ್ಗೆ. ಷರೀಫರಾಗಿ ನಟಿಸಿದ ಶ್ರೀಧರ್ ಭರತನಾಟ್ಯ ಕಲಿತವರು. ತೆಳ್ಳಗಿನ ಮೈ, ನಡೆದರೂ ತಾಳ ತಪ್ಪದ ಕಾಲು. ಅಂಥ ಮೈಯೊಳಗಿಂದ ಒಮ್ಮೆಲೇ ಸಿ. ಅಶ್ವಥ್ ಅವರ ಗಂಟಲು ಹೊರಬೀಳುತ್ತದೆ. ಆಯಿ ಪ್ರತಿ ಸಲವೂ ಬೆಚ್ಚಿ, ‘ಈ ಪೋರನ ಹೊಟ್ಟ್ಯಾಗ ಇಷ್ಟು ದೊಡ್ಡ ದನಿ ಎಲ್ಲಿ ಇಟ್ಟಾರವಾ?’ ಎನ್ನುತ್ತಾಳೆ. ಅಶ್ವಥ್ ಬೆಂಗಳೂರಿನಲ್ಲಿ ಟೆಲಿಫೋನ್ ತಯಾರಿಸುವ ಐ.ಟಿ.ಐ. ಕಾರ್ಖಾನೆಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರೆಂದು ಹೇಳಿದರೆ, ‘ಅದಕ್ಕs ಮತ್ತ, ದೂರ ಕೇಳಸ್ತದ’ ಎಂದು ಸಮಾಧಾನ ಮಾಡಿಕೊಳ್ಳುತ್ತಾಳೆ. ಆಯಿಯ ಈ ವಿಮರ್ಶೆಗಿಂತ ಚೆಂದದ ಮಾತನ್ನು ಅಶ್ವಥ್ ಬಗ್ಗೆ ನಾನು ಯಾವ ಪತ್ರಿಕೆಯಲ್ಲೂ ಓದಿಲ್ಲ.

ಗುರು ಗೋವಿಂದ ಭಟ್ಟರಾಗಿ ಗಿರೀಶ ಕಾರ್ನಾಡರು. ಆಕ್ಸ್‌ಫರ್ಡಿನಲ್ಲಿ ಓದಿಬಂದವರು ಕಳಸದ ಭಟ್ಟರಾಗಿ ನಿಂತರೆ ಮಾವನೋರಿಗೆ ಮಾಸ್ತರಿಕೆ ನೆನಪಾಗಿ ಬೆನ್ನು ನೆಟ್ಟಗಾಗುತ್ತದೆ. ಆ ಗುರುವಿನ ಗತ್ತು ಸುಳ್ಳಲ್ಲ. ಜಾತಿಯ ಹೊರಗಿನವನೊಬ್ಬನನ್ನು ಶಿಷ್ಯನೆಂದು ಒಪ್ಪಿಕೊಂಡು, ಊರಿನ ಬ್ರಾಹ್ಮಣರ ಮುಂದೆ ಅವನ ಕೊರಳಿಗೆ ಜನಿವಾರ ಹಾಕಿದರೆಂಬ ಕಥೆಯ ಗುರು ಅವರು. ಅಂಥವರ ಪಾತ್ರಕ್ಕೆ ಜಗತ್ತಿನ ಮುಖ ನೋಡದೆ ಮಾತಾಡುವ ಕಣ್ಣು ಬೇಕು. ಕಾರ್ನಾಡರಿಗೆ ಅದನ್ನು ಕೊಂಡು ತರಬೇಕಾಗಿರಲಿಲ್ಲ. ಆದರೆ ನಮ್ಮ ಕಾಕಾ ಎಲ್ಲಿ ಸುಮ್ಮನಿರುತ್ತಾರೆ? ‘ಷರೀಫರ ನಸೀಬು ನೋಡು. ಇದ್ದಾಗ ಗೋವಿಂದ ಭಟ್ಟರು ಸಿಕ್ಕರು. ಸತ್ತು ನೂರು ವರ್ಷದ ಹೊತ್ತಿಗೆ ಲಕ್ಷ್ಮೀನಾರಾಯಣ ಭಟ್ಟರು ಸಿಕ್ಕರು. ನಮ್ಮವರಿಗೆ ಒಬ್ಬರರೇ ಭಟ್ಟರು ಸಿಗಬಾರದೇನು?’

ಕಾಕಾನ ಲೆಕ್ಕ ತಪ್ಪಲ್ಲ. ಷರೀಫರ ಕಾಲ 1819ರಿಂದ 1889. ಇಪ್ಪತ್ತನೆಯ ಶತಮಾನದ ಕೊನೆಗೆ ಆ ಪದಗಳನ್ನು ಹುಡುಕಿ, ತಿದ್ದಿ, ಅಶ್ವಥ್ ಅವರ ಕೈಗಿಟ್ಟು ಹಳೇ ಮೈಸೂರಿನ ಮನೆಮನೆಗೂ ಮುಟ್ಟಿಸಿದವರಲ್ಲಿ ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರು ಮುಂದಿನ ಸಾಲಿನವರು. ಜನ ಅವರನ್ನು ಷರೀಫ ಭಟ್ಟರೆಂದೇ ಕರೆದರು. ಮೊದಲ ಭಟ್ಟರು ಶಿಷ್ಯನಿಗೆ ಜನಿವಾರ ಹಾಕಿದರು, ಎರಡನೆಯ ಭಟ್ಟರು ಕ್ಯಾಸೆಟ್ ಹಾಕಿಸಿದರು. ಎರಡಕ್ಕೂ ಧೈರ್ಯ ಬೇಕು.

ಸಿನಿಮಾಕ್ಕೆ ರಾಷ್ಟ್ರೀಯ ಭಾವೈಕ್ಯದ ನರ್ಗಿಸ್ ದತ್ ಪ್ರಶಸ್ತಿ ಬಂತು. ಈ ಸುದ್ದಿ ಹೇಳಿದಾಗ ಬೀಗರು ಮೂಗು ಮುರಿದರು. ‘ನಮ್ಮೂರಾಗ ಮೊಹರಮ್ ಪಟ್ಟಿ ಕೊಡಲಿಲ್ಲಂದ್ರ ಗೌಡನ ಮನಿ ಮುಂದೂ ಹಲಗಿ ಬಡೀತೀವಿ. ಪೀರಲ ದೇವರ ಹೊರಾವ ಲಿಂಗಾಯತ, ರಿವಾಯತ ಹಾಡಾವ ಕಬ್ಬಲಿಗ, ಸಕ್ಕರಿ ಹಂಚಾಕಿ ನಮ್ಮ ಮನಿಯಾಕಿ. ನಮಗ್ಯಾರು ಪ್ರಶಸ್ತಿ ಕೊಟ್ಟಾರು?’ ಮಾತು ಕೇಳಲು ಚೆಂದ. ಆ ಪಟ್ಟಿ ವಸೂಲಿಯಲ್ಲಿ ಎಷ್ಟು ಜಗಳವಾಗುತ್ತದೆ ಎಂಬುದನ್ನು ಬೀಗರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಬೀಗತನದಲ್ಲಿ ಕೆಲವು ಪ್ರಶ್ನೆ ಇರುವುದಿಲ್ಲ.

ಇಡೀ ಕಥೆಯಲ್ಲಿ ನಮ್ಮವರ ಕರುಳು ಕಿವುಚುವ ಭಾಗ ಯಾವುದು ಹೇಳಿ? ಹೆಂಡತಿ ತೀರಿಕೊಂಡದ್ದಲ್ಲ, ಅಲ್ಲಿ ಬರೀ ಅಳುತ್ತಾರೆ. ಮುಲ್ಕಿ ಪರೀಕ್ಷೆ ಪಾಸಾಗಿ, ಸಾಲಿ ಮಾಸ್ತರನಾಗಿ, ತಿಂಗಳಿಗೆ ಪಗಾರ ಎಣಿಸುತ್ತಿದ್ದ ಮನುಷ್ಯ ನೌಕರಿ ಬಿಟ್ಟು ಪದ ಹಾಡುತ್ತ ಹೊರಟ ಎಂಬಲ್ಲಿ ಪಡಸಾಲೆ ಪೂರಾ ಸ್ತಬ್ಧ. ಮಾವನೋರು ಕನ್ನಡಕ ತೆಗೆದು ಕೇಳುತ್ತಾರೆ: ‘ಪರ್ಮನೆಂಟ್ ಇತ್ತೇನು?’ ಬೀಗರು ಸಮಾಧಾನ ಹೇಳುತ್ತಾರೆ: ‘ಆವಾಗ 371(ಜೆ) ಇದ್ದಿಲ್ಲ ಬಿಡ್ರಿ. ಇದ್ದಿದ್ರೂ ಧಾರವಾಡ ಕಡ್ಯಾವರಿಗೆ ಹತ್ತತಿರಲಿಲ್ಲ.’ ಕಲ್ಯಾಣ ಕರ್ನಾಟಕದಲ್ಲಿ ವೈರಾಗ್ಯದ ಅಳತೆಗೋಲು ಇದು. ಹೊಲ ಬಿಡಬಹುದು, ಮನೆ ಬಿಡಬಹುದು. ಸರ್ಕಾರಿ ನೌಕರಿ ಬಿಟ್ಟವನು ಖರೇ ಖರೇ ಸಂತ.

ಇನ್ನು ಪದ ಹುಟ್ಟುವ ಬಗೆ. ಹಾಡುಗಾರರ ಜೀವನ ತೆಗೆಯುವ ಎಲ್ಲ ಸಿನಿಮಾಗಳಿಗೂ ಒಂದು ಕಾಯಿಲೆ ಇದೆ: ಹಾಡಿಗೊಂದು ಕಾರಣ ಹುಡುಕುವುದು. ನಾಯಕನ ಮುಂದೆ ಒಬ್ಬಳು ಮುದುಕಿ ಎಡವಿದಳೋ, ಮುದುಕಿಯ ಪದ. ಯಾರೋ ತಂಬೂರಿ ಎತ್ತಿದರೋ, ತಂಬೂರಿಯ ಪದ. ಮಳೆ ಬಂತೋ, ಮುಗಿಯಿತು, ಮಾಳಿಗೆಯ ಪದ. ಪದ ಬಾಯಿಗೆ ಬಂದ ಕೂಡಲೇ ಹೊಲದಲ್ಲಿ ಕಳೆ ಕೀಳುತ್ತಿದ್ದವರು ಕುರುಪಿ ಬಿಟ್ಟು ಎದ್ದು ನಿಂತು, ಅದೇ ಗಳಿಗೆಯಲ್ಲಿ ಹುಟ್ಟಿದ ಪದದ ಎರಡನೆಯ ನುಡಿಯನ್ನು ಒಂದಕ್ಷರ ತಪ್ಪದೆ ಎತ್ತಿಕೊಳ್ಳುತ್ತಾರೆ. ಕೊಳಲು ಎಲ್ಲಿಂದ ಬಂತು ಎಂದು ಕೇಳುವ ಹಾಗೇ ಇಲ್ಲ. ನಮ್ಮ ಕಾಕಾ ಈ ಕಾರ್ಯಕಾರಣ ಸಂಬಂಧವನ್ನು ಒಪ್ಪುವುದಿಲ್ಲ. ‘ನಮ್ಮ ಮಣ್ಣಿನ ಮಾಳಗಿ ನಾ ಹುಟ್ಟಿದಾಗಿಂದ ಸೋರ್ಯಾದ. ಒಂದ್ ಪದ ಬಂದಿಲ್ಲ. ನಿಮ್ಮ ಕಾಕುನ ಬೈಗಳ ಬಂದಾವ.’ ಆಯಿ ಕೂಡಲೇ ತಿದ್ದುತ್ತಾಳೆ: ‘ಪದಾ ಬರಬೇಕಂದ್ರ ಬುಡಕ ಕೊಡಾ ಇಡಬಾರದೋ. ನೀ ಕೊಡಾ ಇಟ್ಟಿ, ಅವ ಇಡಲಿಲ್ಲ.’ ಆಯಿ ಶಾಲೆಗೆ ಹೋದವಳಲ್ಲ ಎಂಬುದನ್ನು ಇಲ್ಲಿ ನೆನಪಿಸುವುದು ಒಳ್ಳೆಯದು.

ಹಾಗೆ ನೋಡಿದರೆ ಕನ್ನಡ ಸಿನಿಮಾಕ್ಕೆ ಹಾಡು ಕಟ್ಟಿದವರ ಮೇಲೆ ಮೊದಲಿನಿಂದಲೂ ಪ್ರೀತಿ. ತೊಂದರೆ ಏನೆಂದರೆ, ಒಂದು ಕಾಲದಲ್ಲಿ ಅವರೆಲ್ಲರಿಗೂ ಒಂದೇ ಮೂಗು. 1960ರಲ್ಲಿ ಕನಕದಾಸರು ರಾಜಕುಮಾರ್. 1962ರಲ್ಲಿ ಕಬೀರರು ರಾಜಕುಮಾರ್. 1963ರಲ್ಲಿ ತುಕಾರಾಮರು, 1964ರ ‘ನವಕೋಟಿ ನಾರಾಯಣ’ದಲ್ಲಿ ಪುರಂದರದಾಸರು, 1965ರಲ್ಲಿ ಸರ್ವಜ್ಞ, ಎಲ್ಲರೂ ರಾಜಕುಮಾರ್. ಆರು ವರ್ಷದೊಳಗೆ ಭಾರತದ ಅರ್ಧ ಭಕ್ತಿಪಂಥವನ್ನು ಒಬ್ಬರೇ ಹೊತ್ತು ದಾಟಿಸಿಬಿಟ್ಟರು. ಕನಕರೂ ಪುರಂದರರೂ ಒಂದೇ ಕಾಲದವರು ಅನ್ನುತ್ತಾರೆ. ಅಕಸ್ಮಾತ್ ಎದುರಾಬದುರಾ ಬಂದಿದ್ದರೆ ಕನ್ನಡಿ ನೋಡಿದೆವೆಂದು ಇಬ್ಬರೂ ತಲೆ ಬಾಚಿಕೊಂಡು ಹೋಗುತ್ತಿದ್ದರು. ಅದಕ್ಕೂ ಹಿಂದೆ, 1959ರ ‘ಜಗಜ್ಯೋತಿ ಬಸವೇಶ್ವರ’ದಲ್ಲಿ ಹೊನ್ನಪ್ಪ ಭಾಗವತರು ಬಸವಣ್ಣ, ರಾಜಕುಮಾರ್ ಬಿಜ್ಜಳ. ಬಸವಣ್ಣನ ನಾಡಿನವಳಾದ ನಮ್ಮ ಆಯಿಗೆ ಇದು ಬಗೆಹರಿಯದ ಧರ್ಮಸಂಕಟ. ಕೈ ಮುಗಿಯುವ ಮುಖ ಬಿಜ್ಜಳನಾಗಿ ಕೂತರೆ ಬೈಯುವುದು ಹೇಗೆ? ‘ಪಾಪ, ಯಾರೋ ತಲಿ ಕೆಡಿಸ್ಯಾರ’ ಎಂದು ಬಿಜ್ಜಳನಿಗೆ ಜಾಮೀನು ಕೊಟ್ಟುಬಿಟ್ಟಿದ್ದಾಳೆ.

ತುಕಾರಾಮರ ಹೆಸರು ಬಂದ ಮೇಲೆ ಮಾವನೋರನ್ನು ಹಿಡಿಯುವವರಿಲ್ಲ. ‘ಅದು ಮರಾಠಿಯೊಳಗ ನೋಡಬೇಕ್ರೀ!’ ಇಲ್ಲಿ ಅವರ ಪರವಾಗಿ ನಾನೂ ಒಂದು ಮಾತು ಹೇಳಬೇಕು, ಅಳಿಯನೆಂದಲ್ಲ. ಪುಣೆಯ ಪ್ರಭಾತ್ ಕಂಪನಿಯಿಂದ ದಾಮ್ಲೆ ಮತ್ತು ಫತ್ತೇಲಾಲ್ ಸೇರಿ 1936ರಲ್ಲಿ ತೆಗೆದ ‘ಸಂತ ತುಕಾರಾಂ’ ಈ ಜಾತಿಯ ಸಿನಿಮಾಗಳಿಗೆಲ್ಲ ಮುತ್ಯಾ. ವಿಷ್ಣುಪಂತ ಪಾಗನೀಸ್ ತುಕಾರಾಮರು. ಮುಂಬಯಿಯಲ್ಲಿ ವರ್ಷ ದಾಟಿ ಓಡಿತು, ಮರುವರ್ಷ ವೆನಿಸ್ ಚಿತ್ರೋತ್ಸವದಲ್ಲಿ ಮನ್ನಣೆ ಪಡೆಯಿತು. ನನಗೆ ರುಚಿಯಾದ ಸಂಗತಿ ಬೇರೆ. ಆ ಸಿನಿಮಾಕ್ಕೆಂದು ಶಾಂತಾರಾಮ ಆಠವಲೆ ಎಂಬ ಕವಿ ಒಂದು ಅಭಂಗ ಹೊಸದಾಗಿ ಬರೆದುಕೊಟ್ಟರು. ಎಷ್ಟು ಚೆನ್ನಾಗಿ ಬರೆದರೆಂದರೆ, ಬಲ್ಲವರೂ ಅದನ್ನು ತುಕಾರಾಮರದೇ ಎಂದು ನಂಬಿಬಿಟ್ಟರು. ಸಿನಿಮಾದ ಕವಿಗೆ ಇದಕ್ಕಿಂತ ದೊಡ್ಡ ಬಹುಮಾನವಿಲ್ಲ. ಇದಕ್ಕಿಂತ ದೊಡ್ಡ ನಷ್ಟವೂ ಇಲ್ಲ.

ಕಾಕಾ ಇದನ್ನು ಕೇಳಿ ನಕ್ಕರು. ‘ಇದೇನ್ ಹೊಸಾದು? ನಮ್ಮ ಭಜನ್ಯಾಗ ನಿತ್ಯಾ ನಡೀತದ. ನಡುರಾತ್ರಿ ಪದ ಮರತ್ರ ಹೊಸಾ ನುಡಿ ಹಾಕೋದು, ಕಡೀಕ ಮಹಾಂತನ ಹೆಸರು ಹಚ್ಚಿ ಕೈ ಮುಗಿಯೋದು. ಮುಂಜಾನಿ ಕೇಳಿದ್ರ ಮಡಿವಾಳಪ್ಪನ ಪದಾ ಅದು!’ ಅಂಕಿತದ ಉಪಯೋಗ ನೋಡಿ. ಇವತ್ತಿನ ಹಾಡು ಬರೆಯುವವರಿಗೆ ಈ ಬುದ್ಧಿ ಇಲ್ಲದೆ ಹಾಳಾದರು. ಚಿ. ಉದಯಶಂಕರ್ ಬರೆದದ್ದನ್ನೆಲ್ಲ ನಾವು ‘ರಾಜಕುಮಾರ್ ಹಾಡು’ ಎನ್ನುತ್ತೇವೆ. ಷರೀಫರೂ ಮಡಿವಾಳಪ್ಪನೂ ತಮ್ಮ ಗುರುತನ್ನು ಕೊನೆಯ ನುಡಿಯೊಳಗೇ ಹೆಣೆದು ಇಟ್ಟುಬಿಟ್ಟರು: ಅವರದು ಶಿಶುನಾಳಾಧೀಶ, ಇವರದು ಮಹಾಂತ. ತೆಗೆಯಲು ಹೋದರೆ ಪ್ರಾಸವೇ ಮುರಿಯುತ್ತದೆ. ಟೈಟಲ್ ಕಾರ್ಡನ್ನು ಯಾರೂ ಕತ್ತರಿಸದ ಜಾಗದಲ್ಲಿ ಇಡುವುದು ಅಂದರೆ ಇದು.

ಮಡಿವಾಳಪ್ಪ ಅಂದೆ. ಜಗಳ ಈಗ ಶುರು.

ನನ್ನ ತಂಗಿಯ ಮಗ ಬೆಂಗಳೂರಿನಲ್ಲಿ ಓದಿ ಬಂದವನು, ಕೈಯಲ್ಲಿ ಯಾವಾಗಲೂ ಮೊಬೈಲು, ಬಾಯಲ್ಲಿ ಯಾವಾಗಲೂ ‘ಬಯೋಪಿಕ್’. ಒಂದು ದಿನ ಷರೀಫರ ಸಿನಿಮಾ ಮುಗಿದ ಬಿಸಿಯಲ್ಲಿ ಅವನೆಂದ: ‘ಮುತ್ಯಾ, ಕಡಕೋಳ ಮಡಿವಾಳಪ್ಪನವರ ಮ್ಯಾಲ ಇಂಥಾದ್ದು ಒಂದು ಯಾಕ್ ಮಾಡಬಾರದು?’ ಅಷ್ಟೇ. ಚುಡಾದ ಪರಾತ ಬದಿಗೆ ಸರಿಯಿತು.

ಗೊತ್ತಿಲ್ಲದ ದಕ್ಷಿಣದವರಿಗೆ ಎರಡು ಮಾತು. ಕಡಕೋಳ ಮಡಿವಾಳಪ್ಪ ನಮ್ಮ ಭಾಗದ ತತ್ವಪದಕಾರರಲ್ಲಿ ಹಿರಿಯ, ಷರೀಫರಿಗಿಂತ ಮೊದಲಿನವನು. ಹುಟ್ಟಿದ್ದು ಅಫಜಲಪುರ ತಾಲ್ಲೂಕಿನ ಬಿದನೂರು. ನೆಲೆಗೊಂಡದ್ದು ಕಡಕೋಳ. ಡೋಂಗಿ ಗುರುಗಳನ್ನು, ಮಡಿ ಮೈಲಿಗೆಯನ್ನು, ಹೊರಗಿನ ಡೌಲನ್ನು ಎದುರಿಗೇ ನಿಲ್ಲಿಸಿ ಬೈದವನು. ಅವನ ಬೆನ್ನಿಗೆ ಬಂದ ಶಿಷ್ಯರೂ ಪದ ಕಟ್ಟಿದವರೇ: ಚನ್ನೂರ ಜಲಾಲಸಾಹೇಬ, ಖೈನೂರ ಕೃಷ್ಣಪ್ಪ, ತೆಲಗಬಾಳ ರೇವಪ್ಪ. ಹೆಸರು ಓದಿದರೇ ಸಾಕು, ಬೇರೆ ಬೇರೆ ಕೇರಿಯವರು ಒಂದೇ ಚಾಪೆಯ ಮೇಲೆ ಕುಳಿತದ್ದು ಕಾಣುತ್ತದೆ. ಷರೀಫರ ಕಥೆಯಲ್ಲಿ ಗುರು ಬ್ರಾಹ್ಮಣ, ಶಿಷ್ಯ ಮುಸಲ್ಮಾನ. ಒಂದೇ ಜೋಡಿ, ಕ್ಯಾಮೆರಾಕ್ಕೆ ಸುಲಭ. ನಮ್ಮಲ್ಲಿ ಫ್ರೇಮಿನೊಳಗೆ ಹಿಡಿಸಲಾರದಷ್ಟು ಜನ.

ಬೀಗರು ಮೊದಲ ಗುಂಡು ಹಾರಿಸಿದರು. ‘ಹುಟ್ಟಿದ್ದು ನಮ್ಮಲ್ಲಿ. ಸಿನಿಮಾ ಶುರು ಆಗಬೇಕಾದ್ದು ಬಿದನೂರಾಗ. ಗಾಣಗಾಪುರ ಬಾಜೂಕs ಅದ, ದತ್ತ ಜಯಂತಿಗೆ ಕ್ಯಾಮೆರಾ ಇಟ್ರ ಸಾವಿರಾರು ಮಂದಿ ಪುಕ್ಕಟೆ ಸಿಗ್ತಾರ. ಊಟಾನೂ ಹಾಕೂದ ಬ್ಯಾಡ.’

ಕಾಕಾ ಬಿಡುತ್ತಾರೆಯೇ? ‘ಹುಟ್ಟೂದು ಯಾರ್ ಬೇಕಾದ್ರೂ ಎಲ್ಲಿ ಬೇಕಾದ್ರೂ ಹುಟ್ತಾರ್ರೀ. ಇಂಟರ್ವಲ್ ಆದಮ್ಯಾಲ ಪೂರಾ ನಮ್ಮದು. ಕಡಕೋಳ ಜೇವರ್ಗಿ ತಾಲೂಕ!’

‘ಕಾಕಾ, ಕಡಕೋಳ ಈಗ ಯಡ್ರಾಮಿ ತಾಲೂಕದಾಗ ಅದ’ ಎಂದು ನಾನು ಮೆಲ್ಲಗೆ ಹೇಳಿದೆ. ಕಾಕಾ ನನ್ನನ್ನು ನೋಡಿದ ನೋಟಕ್ಕೆ ಕಾರ್ನಾಡರ ಕಣ್ಣು ಸಾಲದು. ‘ಮಡಿವಾಳಪ್ಪ ಇದ್ದಾಗ ಯಡ್ರಾಮಿ ತಾಲೂಕ ಇತ್ತೇನು? ಪೀರಿಯಡ್ ಸಿನಿಮಾ ಅಂತ ನೀವs ಅಂತೀರಿ.’ ಕಾಕಾಗೆ ಪೀರಿಯಡ್ ಸಿನಿಮಾ ಎಂಬ ಮಾತು ಯಾರು ಕಲಿಸಿದರೋ! ಆ ಕಾಲದಲ್ಲಿ ಜೇವರ್ಗಿಯೂ ಯಾರ ಕಾಗದದಲ್ಲಿ ಏನಾಗಿತ್ತೋ ಎಂದು ಕೇಳಬಹುದಿತ್ತು. ರಾತ್ರಿ ಊಟ ಅವರ ಮನೆಯಲ್ಲಿತ್ತು, ಕೇಳಲಿಲ್ಲ.

ಪಾಪ, ಆಳಂದದ ಮಾವನೋರಿಗೆ ಈ ಹಂಚಿಕೆಯಲ್ಲಿ ಏನೂ ಬರಲಿಲ್ಲ. ಹುಟ್ಟು ಒಬ್ಬರಿಗೆ, ಗದ್ದುಗೆ ಒಬ್ಬರಿಗೆ. ಸ್ವಲ್ಪ ಹೊತ್ತು ಸುಮ್ಮನೆ ಅಡಿಕೆ ಕತ್ತರಿಸಿದರು. ಆಮೇಲೆ ಮಾಸ್ತರರು ಭೂಗೋಳ ತೆಗೆದರು: ‘ಬೀಗ್ರೇ, ನಿಮ್ಮ ಗಾಣಗಾಪುರದ ಸಂಗಮ ಯಾವ ಯಾವ ನದೀದು?’ ಬೀಗರು ಅನುಮಾನಿಸುತ್ತ, ‘ಭೀಮಾ, ಅಮರ್ಜಾ’ ಎಂದರು. ‘ಅಮರ್ಜಾ ಎಲ್ಲಿಂದ ಬರ್ತದ? ಆಳಂದದಿಂದ. ನಾವು ನೀರು ಬಿಡಲಿಲ್ಲಂದ್ರ ನಿಮ್ಮ ಸಂಗಮ ಇಲ್ಲ, ಸಂಗಮ ದಾಟಿದ ನೀರು ಮುಂದ ಹರೀಲಿಲ್ಲಂದ್ರ ಜೇವರ್ಗಿಗೆ ಭೀಮಾ ಇಲ್ಲ. ಮೂಲ ನಮ್ಮದು!’ ಇಷ್ಟಕ್ಕೇ ನಿಲ್ಲದೆ, ಆಳಂದದಲ್ಲಿ ಲಾಡ್ಲೆ ಮಶಾಕರ ದರ್ಗಾ ಇದೆ, ಜಲಾಲಸಾಹೇಬನ ದೃಶ್ಯಗಳನ್ನು ಅಲ್ಲೇ ತೆಗೆಯಬೇಕೆಂದರು. ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ಇದೆ, ಅದೂ ಆಳಂದ ತಾಲ್ಲೂಕು, ಸಂಶೋಧನೆ ಅವರಿಂದ ಮಾಡಿಸಬೇಕೆಂದರು. ನಾಯಕನೇ ಇಲ್ಲದ ತಾಲ್ಲೂಕು ಅರ್ಧ ಸಿನಿಮಾ ಕಿತ್ತುಕೊಂಡಿತು. ಜಿಲ್ಲಾ ಪಂಚಾಯಿತಿಯ ಸಭೆಯಲ್ಲಿ ಇಂಥ ಚಳಕ ನೋಡಿದ್ದೆ, ಭಕ್ತಿಯಲ್ಲಿ ನೋಡಿರಲಿಲ್ಲ.

ತಂಗಿಯ ಮಗನಿಗೆ ಬೇರೆ ಚಿಂತೆ. ‘ಹೀರೋಯಿನ್ ಯಾರು? ಷರೀಫದಾಗ ಸುಮನ್ ರಂಗನಾಥನ್ ಇದ್ರು.’ ಆಯಿ: ‘ಹೀರೋಯಿನ್ ಯಾಕಪಾ, ಏಕತಾರಿ ಅದಲಾ.’ ‘ವಿಲನ್?’ ಎಂದ. ಇದಕ್ಕೆ ಮೂರು ತಾಲ್ಲೂಕೂ ಒಮ್ಮೆಲೇ ಸುಮ್ಮನಾದವು. ಯಾಕೆಂದರೆ ಮಡಿವಾಳಪ್ಪನ ಪದಗಳಲ್ಲಿ ಬೈಸಿಕೊಳ್ಳುವವರು ಹೊರಗಿನವರಲ್ಲ. ಅವನು ಬೈದದ್ದು ಡಂಭದ ಗುರುವನ್ನು, ಅವನ ಪಾದಕ್ಕೆ ಬೀಳುವ ನಮ್ಮನ್ನು. ಸಿನಿಮಾದ ಮುಹೂರ್ತಕ್ಕೆ ದೀಪ ಹಚ್ಚಲು ಯಾರು ಬರುತ್ತಾರೆ? ಮೊದಲ ಸಾಲಿನ ಬೆಳ್ಳಿ ಕುರ್ಚಿಯಲ್ಲಿ ಯಾರು ಕೂರುತ್ತಾರೆ? ಅವರ ಎದುರಿಗೆ ಮೊದಲ ಪದ ಯಾವುದು ಹಾಡಿಸಬೇಕು? ಕಾಕಾ ಒಂದು ಪದ ಗುನುಗಿ ನೋಡಿದರು, ಅರ್ಧಕ್ಕೆ ನಿಲ್ಲಿಸಿ, ‘ಇದು ಬ್ಯಾಡ, ದೇಣಿಗಿ ಕೊಡಾವ್ರು ಎದ್ದು ಹೋಗ್ತಾರ’ ಎಂದರು. ಇನ್ನೊಂದು ಗುನುಗಿದರು. ಅದರಲ್ಲಿ ದೇಣಿಗೆ ಕೊಡುವವರಿಗೂ ಸೇರಿಸಿ ಬೈಗಳವಿತ್ತು.

ಭಾಷೆಯದೂ ಒಂದು ಇದೆ. ಷರೀಫರ ಸಿನಿಮಾದಲ್ಲಿ ಧಾರವಾಡ ಕಡೆಯ ಮಾತಿದೆ, ಕಿವಿಗೆ ಹಿತ. ಆದರೆ ಬೆಂಗಳೂರಿನವರ ನಕಾಶೆಯಲ್ಲಿ ಉತ್ತರ ಕರ್ನಾಟಕ ಧಾರವಾಡಕ್ಕೇ ಮುಗಿಯುತ್ತದೆ. ಅಲ್ಲಿಂದ ಮುಂದೆ ಬರೀ ಬಿಸಿಲು. ಕಲಬುರಗಿ ಕಡೆಯ ಮಾತು ಸಿನಿಮಾದೊಳಗೆ ಬಂದರೆ ಹಾಸ್ಯ ಪಾತ್ರಕ್ಕೆ ಬರುತ್ತದೆ, ಅದೂ ಪೆಟ್ಟು ತಿನ್ನುವ ಪಾತ್ರಕ್ಕೆ. ‘ಬರ್ಲತ್ತೀನಿ, ಹೋಗ್ಲತ್ತೀನಿ’ ಎಂದು ಒಬ್ಬ ಸಂತ ಗಂಭೀರವಾಗಿ ಮಾತಾಡಿದರೆ ಮಂಡ್ಯದವರು ನಗುತ್ತಾರೆಯೋ ಅಳುತ್ತಾರೆಯೋ? ನಿರ್ಮಾಪಕನ ಎದೆ ಒಡೆಯುವ ಪ್ರಶ್ನೆ ಇದು. ನನಗಂತೂ ಒಮ್ಮೆ ಕೇಳಬೇಕಾಗಿದೆ. ಮಡಿವಾಳಪ್ಪ ಬೆಂಗಳೂರಿನ ಟಿ.ವಿ. ವಾರ್ತೆಯ ಕನ್ನಡದಲ್ಲಿ ವೈರಾಗ್ಯ ಹೇಳಿದರೆ ಕಡಕೋಳದ ಕಲ್ಲೂ ನಂಬುವುದಿಲ್ಲ.

ದಾಟಿಯ ವಿಷಯಕ್ಕೆ ಬಂದಾಗ ಮಾತ್ರ ಕಾಕಾ ತಮಾಷೆ ಬಿಟ್ಟರು. ಇಲ್ಲಿ ನಾನೂ ಸ್ವಲ್ಪ ನಿಲ್ಲುತ್ತೇನೆ. ಅವರ ಮೇಳದವರು ಷರೀಫರ ಪದಗಳನ್ನು ಸಿನಿಮಾ ಬರುವ ಮೊದಲೇ ಹಾಡುತ್ತಿದ್ದರು. ಅಮಾವಾಸ್ಯೆಯ ರಾತ್ರಿ ಗುಡಿಯ ಕಟ್ಟೆಯ ಮೇಲೆ ಏಕತಾರಿ, ದಮ್ಮಡಿ, ತಾಳ, ಉಳ್ಳವರ ಊರಾದರೆ ಒಂದು ಪೇಟಿ. ಕೋಳಿ ಕೂಗುವ ತನಕ ಸವಾಲು ಜವಾಬು. ಒಂದು ಊರಿನ ದಾಟಿ ಇನ್ನೊಂದು ಊರಿಗಿಲ್ಲ. ಒಂದೇ ಪದವನ್ನು ಒಬ್ಬ ಅಳಿಸುವಂತೆ ಹಾಡಿದರೆ ಪಕ್ಕದ ಊರಿನವನು ಕುಣಿಸುವಂತೆ ಹಾಡುತ್ತಿದ್ದ. ಆಮೇಲೆ ಕ್ಯಾಸೆಟ್ ಬಂತು, ಸಿನಿಮಾ ಬಂತು. ಅಶ್ವಥ್ ಅವರ ದಾಟಿ ಅಷ್ಟು ಚೆಂದ, ಅಷ್ಟು ಗಟ್ಟಿ. ಊರೂರ ದಾಟಿಗಳು ಅದರ ಮುಂದೆ ತೆಪ್ಪಗಾದವು. ಕಾಕಾ ಇವತ್ತು ಮಾಳಿಗೆಯ ಪದವನ್ನು ತಮ್ಮ ಹಳೆಯ ದಾಟಿಯಲ್ಲಿ ಎತ್ತಿಕೊಂಡರೆ ತಂಗಿಯ ಮಗ ತಿದ್ದುತ್ತಾನೆ: ‘ಮುತ್ಯಾ, ಸಿನಿಮಾದಾಗ ಹಿಂಗಿಲ್ಲ.’

‘ಸಿನಿಮಾದಾವರು ನನ್ನ ಹತ್ರ ಬಂದು ಕಲತ್ರೇನು?’

‘ಇಲ್ಲ.’

‘ಮತ್ತ ನಾ ಯಾಕ ಅವರ ಹತ್ರ ಕಲೀಲಿ?’

ಹೀಗೆ ಹೇಳಿದ ಮನುಷ್ಯ ಮರುದಿನ ಬಚ್ಚಲಮನೆಯಲ್ಲಿ ಅಶ್ವಥ್ ದಾಟಿಯಲ್ಲೇ ಹಾಡುತ್ತಿದ್ದರು. ಎದುರಿಗೆ ಬಂದಾಗ ನಾನು ಸುಮ್ಮನೆ ಹುಬ್ಬು ಏರಿಸಿದೆ. ‘ನೀರು ತಣ್ಣಗಿದ್ದಾಗ ಆ ದಾಟೀನs ಬೇಕಾಗ್ತದ’ ಎಂದರು.

ಮಡಿವಾಳಪ್ಪನ ಪದಗಳು ಈ ಪೆಟ್ಟಿನಿಂದ ಉಳಿದಿವೆ. ಈಚೆಗೆ ಬೆಂಗಳೂರಿನ ಕನಕದಾಸ ಅಧ್ಯಯನ ಮತ್ತು ಸಂಶೋಧನಾ ಕೇಂದ್ರದವರು ನಾಡಿನ ತತ್ವಪದಗಳನ್ನೆಲ್ಲ ಕೂಡಿಹಾಕಿ ಸಂಪುಟಗಳನ್ನು ತಂದರು. ಅಕ್ಷರ ಈಗ ಭದ್ರ. ಅಚ್ಚಿನ ಪುಸ್ತಕಕ್ಕೆ ದಾಟಿ ಇರುವುದಿಲ್ಲ ಎಂಬುದೇ ಅದರ ದೊಡ್ಡಗುಣ. ಸಿನಿಮಾಕ್ಕೆ ಆ ಗುಣವಿಲ್ಲ. ಅದು ಒಂದು ಮುಖ ಕೊಡುತ್ತದೆ, ಒಂದು ದನಿ ಕೊಡುತ್ತದೆ, ಕೊಟ್ಟದ್ದನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ. ಷರೀಫರೆಂದರೆ ಇವತ್ತಿಗೂ ನನಗೆ ಶ್ರೀಧರ್ ಕಾಣುತ್ತಾರೆ. ನಾಳೆ ಯಾರಾದರೂ ಷರೀಫರ ನಿಜವಾದ ಫೋಟೋ ತಂದು ತೋರಿಸಿದರೂ, ‘ಇವರು ಯಾರು, ಶ್ರೀಧರ್ ಇದ್ದಂಗ ಇಲ್ಲಲಾ’ ಎಂದು ಆಯಿ ವಾಪಸ್ ಕಳಿಸುತ್ತಾಳೆ.

ಹಾಗಂತ ಸಿನಿಮಾ ಬೇಡವೇ ಎಂದರೆ, ಬೇಕ್ರೀ! ಷರೀಫರ ಸಿನಿಮಾ ಬರದಿದ್ದರೆ ನಮ್ಮ ಹುಡುಗ ಮಡಿವಾಳಪ್ಪನ ಹೆಸರು ಎತ್ತುತ್ತಿದ್ದನೇ? ಯೂಟ್ಯೂಬಿನಲ್ಲಿ ಗುರು ಶಿಷ್ಯರು ಎದುರಾಗುವ ಹೊತ್ತಿಗೇ ಸರಿಯಾಗಿ ಬನಿಯನ್ನಿನ ಜಾಹೀರಾತು ನುಗ್ಗಿದರೂ, ಅದು ಮುಗಿಯುವ ತನಕ ಕೈಯಲ್ಲಿ ಚುಡಾ ಹಿಡಿದುಕೊಂಡೇ ಕಾಯುತ್ತಾನಲ್ಲ, ಅಂಥ ಕಾಯುವಿಕೆ ಅವನು ಪರೀಕ್ಷೆಯ ರಿಸಲ್ಟಿಗೂ ಕಾದಿಲ್ಲ.

ಆದ್ದರಿಂದ ಸಿನಿಮಾ ಆಗಬೇಕು ಎಂದು ಮೂರು ತಾಲ್ಲೂಕಿನ ಸಭೆ ಸರ್ವಾನುಮತದಿಂದ ನಿರ್ಣಯ ಮಾಡಿತು. ರೊಕ್ಕದ ಮಾತು ಬಂದಾಗ ಸರ್ವಾನುಮತ ಸ್ವಲ್ಪ ಸಡಿಲಾಯಿತು. ಬೀಗರು ಕಬ್ಬಿನ ಬಿಲ್ಲು ಬಂದ ಮೇಲೆ ನೋಡೋಣ ಎಂದರು. ಕಾಕಾ ಈ ಸಲ ತೊಗರಿಗೆ ನೆಟೆ ರೋಗ ಎಂದರು. ಮಾವನೋರು ತಮ್ಮದು ಬೌದ್ಧಿಕ ಪಾಲು, ನದಿಯ ಮೂಲ ಕೊಟ್ಟಾಗಿದೆ ಎಂದರು. ಚಿತ್ರೀಕರಣದ ತಿಂಗಳೂ ಗೊತ್ತಾಗಲಿಲ್ಲ: ಬೇಸಿಗೆಯಲ್ಲಿ ಬಣ್ಣ ಕರಗಿ ಮಡಿವಾಳಪ್ಪನ ಗಡ್ಡ ಕೈಗೆ ಬರುತ್ತದೆ, ಮಳೆಗಾಲದಲ್ಲಿ ಎರೆಮಣ್ಣು ಕ್ಯಾಮೆರಾದ ಗಾಲಿ ಬಿಡುವುದಿಲ್ಲ, ಚಳಿಗಾಲದಲ್ಲಿ ತೊಗರಿ ರಾಶಿ, ಯಾರೂ ಸಿಗುವುದಿಲ್ಲ.

ಪಾತ್ರ ಹಂಚಿಕೆ ಮಾತ್ರ ಸಲೀಸಾಯಿತು. ಮಡಿವಾಳಪ್ಪನ ಪಾತ್ರ ಕಾಕಾ ತಾವೇ ಇಟ್ಟುಕೊಂಡರು. ವಯಸ್ಸಿನ ಮಾತು ಎತ್ತಿದವರಿಗೆ, ‘ಸಂತರಿಗೆ ವಯಸ್ಸಿಲ್ಲ’ ಎಂದರು. ಬೀಗರು ಗುರುವಿನ ಪಾತ್ರ ಕೇಳಿದರು, ಏಕೆಂದರೆ ಅದರಲ್ಲಿ ಕಾಕಾ ಅವರ ಕಾಲು ಮುಟ್ಟಬೇಕಾಗುತ್ತದೆ. ಮಾವನೋರು ಸಂಭಾಷಣೆ ಬರೆಯುತ್ತಾರಂತೆ, ಮೊದಲು ಮರಾಠಿಯಲ್ಲಿ. ನನಗೆ ಡಂಭದ ಸ್ವಾಮಿಯ ಪಾತ್ರ ಬಂತು. ಮೇಕಪ್ ಬೇಕಾಗಿಲ್ಲ ಎಂದು ಹೆಂಡತಿ ಒಳಗಿನಿಂದಲೇ ಕೂಗಿ ಹೇಳಿದಳು. ಆಯಿಗೆ ಮಡಿವಾಳಪ್ಪನ ತಾಯಿಯ ಪಾತ್ರ ಎಂದು ಹುಡುಗ ಹೇಳಿದಾಗ ಆಕೆ ಸೆರಗು ಸರಿಮಾಡಿಕೊಂಡು ಕೇಳಿದಳು:

‘ದಿನಕ್ಕ ಎಷ್ಟು ಕೊಡ್ತೀರಿ? ಅಳೂದಿದ್ರ ಬ್ಯಾರೆ ರೇಟು.’